ಹೆದರಿಕೆಯನ್ನು ಒಪ್ಪಿಕೊಂಡ ಪಾದ್ರಿ

1944ರ ಜನವರಿ ಕೊನೆಯ ವಾರ. ಬರ್ಲಿನ್ನಿನ ಟೇಗೆಲ್ ಮಿಲಿಟರಿ ಸೆರೆಮನೆಯ ಮೇಲೆ ಬಾಂಬರ್ ವಿಮಾನಗಳು ಸುತ್ತುತ್ತಿದ್ದವು. ಯುದ್ಧಸಾಮಗ್ರಿ ತಯಾರಿಸುವ ಬೋರ್ಸಿಗ್ ಕಾರ್ಖಾನೆ ಹತ್ತಿರದಲ್ಲೇ ಇದ್ದುದರಿಂದ ಆ ಬಡಾವಣೆಗೆ ಬಾಂಬು ತಪ್ಪಿದ್ದಲ್ಲ. ಒಳಗಿದ್ದವರೆಲ್ಲ ನೆಲಕ್ಕೆ ಮುಖ ಹಚ್ಚಿ ಬಿದ್ದುಕೊಂಡಿದ್ದರು. ಅವರಲ್ಲೊಬ್ಬ, ಉಳಿದ ಹೊತ್ತಿನಲ್ಲಿ ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದ ಆಸಾಮಿ, ಈಗ ದೇವರ ಹೆಸರು ಹಿಡಿದು ಗೋಳಿಡತೊಡಗಿದ. ಅವನ ಪಕ್ಕದಲ್ಲಿ ಮಲಗಿದ್ದವರು ಒಬ್ಬ ಪಾದ್ರಿ. ಒಂದು ವಾಕ್ಯ ಹೇಳಿ, ಕೈಹಿಡಿದು ಪ್ರಾರ್ಥನೆ ಮಾಡಿಸಿ, ಒಂದು ಆತ್ಮವನ್ನು ಗೆದ್ದುಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಪಾದ್ರಿಗೆ ಸಿಕ್ಕೀತು? ಆದರೆ ಆ ಪಾದ್ರಿ ಕೈಗಡಿಯಾರ ನೋಡಿಕೊಂಡರು. ಇನ್ನು ಹೆಚ್ಚೆಂದರೆ ಹತ್ತು ನಿಮಿಷ, ಮುಗಿಯುತ್ತದೆ ಎಂದರು. ಅಷ್ಟೇ.

ಪಾದ್ರಿಯ ಹೆಸರು ಡೀಟ್ರಿಕ್ ಬೊನ್‌ಹೋಫರ್. ಈ ಪ್ರಸಂಗವನ್ನು ಅವರೇ ತಮ್ಮ ಆಪ್ತ ಗೆಳೆಯ ಎಬರ್ಹಾರ್ಡ್ ಬೆತ್ಗೆಗೆ ಪತ್ರದಲ್ಲಿ ಬರೆದು ತಿಳಿಸಿದ್ದಾರೆ. ಆ ಹೊತ್ತಿನಲ್ಲಿ ಆ ಮನುಷ್ಯನ ಮೇಲೆ ಧರ್ಮವನ್ನು ಹೇರಲು ತಮಗೆ ಮನಸ್ಸು ಬರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಹೆದರಿ ನಡುಗುತ್ತಿರುವವನ ನಿಸ್ಸಹಾಯಕತೆಯನ್ನು ಬಳಸಿಕೊಂಡು ಅವನನ್ನು ದೇವರ ಕಡೆ ಎಳೆಯುವುದು ಅವರಿಗೆ ಸಭ್ಯತೆ ಅನ್ನಿಸಲಿಲ್ಲ.

ಹೆದರಿಕೆ ಮತ್ತು ಕ್ರೈಸ್ತ ವಿಶ್ವಾಸದ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಹತ್ತು ನಿಮಿಷ. ಏಕೆಂದರೆ ನಮ್ಮಲ್ಲಿ ಈ ವಿಷಯದ ಬಗ್ಗೆ ನಡೆಯುವ ಪ್ರವಚನಗಳ ಧಾಟಿಯೇ ಬೇರೆ. ವಿಶ್ವಾಸವಿಡು, ಭಯ ಓಡಿಹೋಗುತ್ತದೆ. ಓಡಿಹೋಗದಿದ್ದರೆ ನಿನ್ನ ವಿಶ್ವಾಸದಲ್ಲೇ ಎಲ್ಲೋ ಕೊರತೆ. ಬೈಬಲಿನಲ್ಲಿ ಭಯಪಡಬೇಡ ಎಂಬ ಮಾತು ಸರಿಯಾಗಿ 365 ಸಲ ಬಂದಿದೆ, ವರ್ಷದ ದಿನಕ್ಕೊಂದು ಎಂದು ವೇದಿಕೆಯಿಂದ ಹೇಳುವವರನ್ನು ನೀವೂ ಕೇಳಿರಬಹುದು. ಕೂತು ಎಣಿಸಿದರೆ ಅಷ್ಟು ಸಿಗುವುದಿಲ್ಲ. ಸಿಗದಿದ್ದರೆ ನಷ್ಟವೇನೂ ಇಲ್ಲ, ಆ ಮಾತು ಬೈಬಲಿನಲ್ಲಿ ಧಾರಾಳವಾಗಿಯೇ ಇದೆ. ಆದರೆ ಅದನ್ನು ಯಾರಿಗೆ ಹೇಳಲಾಗಿದೆ ಎಂಬುದನ್ನು ಗಮನಿಸಬೇಕು. ಅಬ್ರಹಾಮನಿಗೆ, ಯೆಹೋಶುವನಿಗೆ, ಮರಿಯಳಿಗೆ, ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ. ಹೆದರಿದವರಿಗಲ್ಲದೆ ಹೆದರಬೇಡ ಎಂದು ಯಾರೂ ಹೇಳುವುದಿಲ್ಲ.

ಬೊನ್‌ಹೋಫರ್ ಹುಟ್ಟಿದ್ದು 1906ರ ಫೆಬ್ರವರಿ 4ರಂದು, ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ. ಜೊತೆಯಲ್ಲೇ ಹುಟ್ಟಿದ ತಂಗಿ ಸಬೀನೆ. ತಂದೆ ಕಾರ್ಲ್ ಬೊನ್‌ಹೋಫರ್ ದೇಶದ ಹೆಸರಾಂತ ಮನೋವೈದ್ಯರಲ್ಲಿ ಒಬ್ಬರು. 1912ರಲ್ಲಿ ಬರ್ಲಿನ್ನಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದು, ಅಲ್ಲಿನ ಶರಿಟೇ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಮುಖ್ಯಸ್ಥರಾದರು. ಮನೆಯಲ್ಲಿ ಚರ್ಚಿಗೆ ಹೋಗುವ ರೂಢಿ ಅಷ್ಟಾಗಿ ಇರಲಿಲ್ಲ. ಭಾವನೆಗಳನ್ನು ಹರಿಯಬಿಡುವುದಂತೂ ಇರಲೇ ಇಲ್ಲ. ಅಂಥ ಮನೆಯ ಹುಡುಗ ತಾನು ದೇವಶಾಸ್ತ್ರ ಓದುತ್ತೇನೆ ಎಂದಾಗ ಅಣ್ಣಂದಿರು ನಕ್ಕರು. 1918ರ ಏಪ್ರಿಲ್‌ನಲ್ಲಿ ಎರಡನೆಯ ಅಣ್ಣ ವಾಲ್ಟರ್ ಯುದ್ಧದಲ್ಲಿ ಗಾಯಗೊಂಡು ತೀರಿಕೊಂಡ. ತಾಯಿ ಆ ದುಃಖದಿಂದ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಸಬೀನೆ ಮುಂದೆ ಬರೆದ ನೆನಪುಗಳಲ್ಲಿ ಒಂದು ವಿಷಯ ಬರುತ್ತದೆ. ಚಿಕ್ಕವರಿದ್ದಾಗ ಅಣ್ಣತಂಗಿ ಇಬ್ಬರೂ ರಾತ್ರಿ ನಿದ್ದೆಗೆ ಮುಂಚೆ ಹಾಸಿಗೆಯಲ್ಲಿ ಬಿದ್ದುಕೊಂಡು, ಸತ್ತು ಹೋಗುವುದೆಂದರೆ ಏನು, ಕೊನೆಯೇ ಇಲ್ಲದ ಕಾಲವೆಂದರೆ ಹೇಗಿರುತ್ತದೆ ಎಂದು ಯೋಚಿಸಲು ಪ್ರಯತ್ನಿಸುತ್ತಿದ್ದರಂತೆ. ಹೆದರಿಕೆಯ ಪರಿಚಯ ಆ ಹುಡುಗನಿಗೆ ಹೊಸದಲ್ಲ.

1933ರ ಜನವರಿ 15ರ ಭಾನುವಾರ ಬರ್ಲಿನ್ನಿನಲ್ಲಿ ಅವರು ಕೊಟ್ಟ ಪ್ರಸಂಗವೊಂದು ಇಂದಿಗೂ ಓದಲು ಸಿಗುತ್ತದೆ. ವಿಷಯ ಹೆದರಿಕೆಯೇ. ಆರಿಸಿಕೊಂಡ ಭಾಗ ಮತ್ತಾಯನ ಸುವಾರ್ತೆಯ 8ನೇ ಅಧ್ಯಾಯ: ಗಲಿಲಾಯ ಸರೋವರದಲ್ಲಿ ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಶಿಷ್ಯರು ಕಂಗಾಲು, ಯೇಸು ನಿದ್ದೆ ಹೋಗಿದ್ದಾನೆ. ಆಗ ಜರ್ಮನಿಯಲ್ಲಿ ಸುಮಾರು 60 ಲಕ್ಷ ಮಂದಿಗೆ ಕೆಲಸವಿಲ್ಲ. ಬೀದಿಗಳಲ್ಲಿ ಪಕ್ಷಗಳ ಗೂಂಡಾಪಡೆಗಳ ಹೊಡೆದಾಟ. ಇನ್ನು ಹದಿನೈದು ದಿನಕ್ಕೆ ಹಿಟ್ಲರ್ ಚಾನ್ಸಲರ್ ಆಗಲಿದ್ದ. ಇಪ್ಪತ್ತಾರು ವರ್ಷದ ಈ ಪಾದ್ರಿ ಜನರಿಗೆ ಹೇಳಿದ್ದು, ಹೆದರಿಕೆ ಮನುಷ್ಯನ ಒಳಗೇ ಅಡಗಿ ಕೂತ ಶತ್ರು, ಅದು ಒಳಗಿನಿಂದ ಕೊರೆಯುತ್ತ ಬಂದು ಅವನನ್ನು ದೇವರಿಂದಲೂ ನೆರೆಯವರಿಂದಲೂ ಬೇರೆ ಮಾಡುತ್ತದೆ ಎಂದು. ಹೆದರಿದ ಜನ ಏನು ಬೇಕಾದರೂ ಮಾಡುತ್ತಾರೆ, ಯಾರ ಹಿಂದೆ ಬೇಕಾದರೂ ಹೋಗುತ್ತಾರೆ ಎಂಬುದನ್ನು ಆ ದೇಶ ಮುಂದಿನ ಹನ್ನೆರಡು ವರ್ಷ ತೋರಿಸಿಕೊಟ್ಟಿತು. ಹಾಗಾಗಿ ಬೊನ್‌ಹೋಫರ್ ಅವರಿಗೆ ಹೆದರಿಕೆ ಒಬ್ಬೊಬ್ಬರ ಎದೆಬಡಿತದ ಪ್ರಶ್ನೆ ಮಾತ್ರ ಆಗಿರಲಿಲ್ಲ. ನೆರೆಮನೆಯ ಯಹೂದಿಯನ್ನು ಎಳೆದೊಯ್ಯುವಾಗ ಬಾಗಿಲು ಹಾಕಿಕೊಳ್ಳುವಂತೆ ಮಾಡುವುದೂ ಅದೇ ಹೆದರಿಕೆ.

ಅದಕ್ಕೆ ಅವರು ಕಂಡುಕೊಂಡ ಮದ್ದು ತೀರಾ ಸಪ್ಪೆಯದು: ದಿನಚರಿ. 1935ರಿಂದ 1937ರವರೆಗೆ ಫಿಂಕನ್‌ವಾಲ್ಡ್ ಎಂಬಲ್ಲಿ ಅವರು ಯುವ ಪಾದ್ರಿಗಳ ತರಬೇತಿ ಶಾಲೆ ನಡೆಸಿದರು. ನಾಜಿಗಳಿಗೆ ತಲೆಬಾಗಿದ ಅಧಿಕೃತ ಚರ್ಚನ್ನು ಒಪ್ಪದವರ ಶಾಲೆ; ಓದಿ ಹೊರಬಿದ್ದವರಿಗೆ ಸಂಬಳದ ಖಾತರಿ ಇಲ್ಲ, ಬಂಧನದ ಖಾತರಿ ಬೇಕಾದಷ್ಟು. ಅಲ್ಲಿ ಬೆಳಿಗ್ಗೆ ಕೀರ್ತನೆಗಳ ಪಠಣ, ಆಮೇಲೆ ಅರ್ಧ ಗಂಟೆ ಮೌನಧ್ಯಾನ. ಒಂದೇ ಬೈಬಲ್ ಭಾಗವನ್ನು ವಾರವಿಡೀ ಧ್ಯಾನಿಸಬೇಕು. ಪ್ರಸಂಗ ತಯಾರಿಸಲಿಕ್ಕಲ್ಲ, ಪಾಂಡಿತ್ಯಕ್ಕಲ್ಲ, ಸುಮ್ಮನೆ. ಹುಡುಗರು ಗೊಣಗಿದರು. ಕೆಲವರಿಗೆ ನಿದ್ದೆ ಬಂತು, ಕೆಲವರಿಗೆ ಏನು ಯೋಚಿಸಬೇಕೆಂದೇ ತಿಳಿಯಲಿಲ್ಲ. ಗುರು ಬಿಡಲಿಲ್ಲ. ಇನ್ನೊಂದು ರೂಢಿಯನ್ನೂ ತಂದರು. ಪ್ರೊಟೆಸ್ಟಂಟರಲ್ಲಿ ಬಹುತೇಕ ಮರೆತುಹೋಗಿದ್ದ ಪಾಪನಿವೇದನೆ, ಒಬ್ಬ ಸಹೋದರನ ಮುಂದೆ ಒಬ್ಬ ಕೂತು ಮನಸ್ಸು ಬಿಚ್ಚುವುದು. ಒಳಗೆ ಮುಚ್ಚಿಟ್ಟದ್ದು ಒಂಟಿತನದಲ್ಲಿ ಬೆಳೆಯುತ್ತದೆ, ಇನ್ನೊಬ್ಬನ ಮುಂದೆ ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲಿ ಅದರ ಹಿಡಿತ ಸಡಿಲವಾಗುತ್ತದೆ ಎಂದು ಅವರು ಆ ದಿನಗಳ ಅನುಭವದಿಂದ ಬರೆದ ಪುಸ್ತಕದಲ್ಲಿ ವಿವರಿಸಿದ್ದಾರೆ. ಬೆತ್ಗೆ ಇದೇ ಶಾಲೆಯ ವಿದ್ಯಾರ್ಥಿ. ಮುಂದೆ ಬೊನ್‌ಹೋಫರ್ ಅವರ ನಿವೇದನೆ ಕೇಳಿಸಿಕೊಳ್ಳುವವರೂ ಅವರೇ ಆದರು.

ಈ ಶಾಲೆ ಶುರುವಾಗುವ ಮುಂಚೆ ಅವರ ಕಣ್ಣು ಭಾರತದ ಕಡೆಗೂ ಇತ್ತು. ಅನ್ಯಾಯವನ್ನು ಹೆದರದೆ, ಕೈ ಎತ್ತದೆ ಎದುರಿಸುವುದನ್ನು ಗಾಂಧೀಜಿಯವರ ಬಳಿ ಇದ್ದು ಕಲಿಯಬೇಕೆಂಬ ಆಸೆ. ಗಾಂಧೀಜಿ 1934ರ ನವೆಂಬರ್ 1ರಂದು ಪತ್ರ ಬರೆದು, ಬನ್ನಿ, ನಮ್ಮ ಜೊತೆ ಇರಬಹುದು ಎಂದರು. ಅಷ್ಟರಲ್ಲಿ ಫಿಂಕನ್‌ವಾಲ್ಡ್‌ನ ಜವಾಬ್ದಾರಿ ಹೆಗಲೇರಿತು. ಪ್ರಯಾಣ ಕೈಗೂಡಲಿಲ್ಲ.

1939ರಲ್ಲಿ ಹೆದರಿಕೆ ಅವರನ್ನು ನಿಜವಾಗಿಯೇ ಓಡಿಸಿತು. ಯುದ್ಧ ಹತ್ತಿರ ಬರುತ್ತಿತ್ತು, ಸೈನ್ಯಕ್ಕೆ ಕರೆ ಬಂದರೆ ಹಿಟ್ಲರನ ಹೆಸರಿನಲ್ಲಿ ಪ್ರತಿಜ್ಞೆ ಮಾಡಬೇಕು, ಮಾಡದಿದ್ದರೆ ಸಾವು. ಅಮೆರಿಕದ ಗೆಳೆಯರು ನ್ಯೂಯಾರ್ಕಿನಲ್ಲಿ ಕೆಲಸ ಹೊಂದಿಸಿ ಕರೆಸಿಕೊಂಡರು. ಜೂನ್‌ನಲ್ಲಿ ಹೋಗಿ ಇಳಿದರು. ಸುರಕ್ಷಿತ ಜಾಗ, ಒಳ್ಳೆಯ ಜನ, ಪುಸ್ತಕ ಭಂಡಾರ. ಆದರೆ ಮನಸ್ಸಿಗೆ ಒಂದು ಗಳಿಗೆ ನೆಮ್ಮದಿ ಇಲ್ಲ. ಆ ವಾರಗಳ ದಿನಚರಿ ಓದಿದರೆ ಆತಂಕವೆಂದರೆ ಏನೆಂದು ತಿಳಿಯುತ್ತದೆ. ಊರಿನ ಸುದ್ದಿಗಾಗಿ ಪತ್ರಿಕೆ ತಡಕುವುದು, ಯಾವ ಕೆಲಸದಲ್ಲೂ ಮನಸ್ಸು ನಿಲ್ಲದಿರುವುದು, ತೀರ್ಮಾನ ಮಾಡಿ ಮತ್ತೆ ಅದೇ ತೀರ್ಮಾನವನ್ನು ಕೆದಕುವುದು. ಪ್ರತಿದಿನ ಅವರು ಓದುತ್ತಿದ್ದುದು ಹೆರ್ನ್‌ಹೂಟ್‌ನ ಮೊರೇವಿಯನ್ ಸಭೆ 1731ರಿಂದ ಪ್ರಕಟಿಸುತ್ತ ಬಂದಿರುವ ದಿನಕ್ಕೊಂದು ವಾಕ್ಯದ ಪುಸ್ತಕ. ನಮ್ಮ ಚರ್ಚುಗಳಲ್ಲಿ ಹೊಸ ವರ್ಷದ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಿಂದ ಒಂದೊಂದು ವಾಗ್ದಾನದ ಕಾರ್ಡು ಎತ್ತಿಕೊಳ್ಳುವ ಪದ್ಧತಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ಜಾತಿಯದು. ಆ ಜೂನ್ ತಿಂಗಳ ಒಂದು ದಿನ ಅವರ ಕಣ್ಣಿಗೆ ಬಿದ್ದದ್ದು ಪೌಲನು ತಿಮೊಥೆಯನಿಗೆ ಬರೆದ ಪತ್ರದ ಕೊನೆಯ ಸಣ್ಣ ಮಾತು, ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಗೆಳೆಯನನ್ನು ಕರೆಯುವ ಮಾತು. ದಿನವಿಡೀ ಅದು ಅವರನ್ನು ಬಿಡಲಿಲ್ಲ. ಜುಲೈ ಮೊದಲ ವಾರ ಮುಗಿಯುತ್ತಲೇ ಹಡಗು ಹತ್ತಿದರು. ಈ ಸಂಕಟದ ಕಾಲದಲ್ಲಿ ತನ್ನ ಜನರ ಜೊತೆ ಇಲ್ಲದವನಿಗೆ ಆಮೇಲೆ ದೇಶ ಕಟ್ಟುವಾಗ ಜೊತೆಗಿರುವ ಹಕ್ಕು ಇರುವುದಿಲ್ಲ ಎಂದು ಅಮೆರಿಕದ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರಿಗೆ ಬರೆದರು. ಹಡಗಿನಲ್ಲಿ ಬರೆದ ದಿನಚರಿಯ ಪ್ರಕಾರ, ಮುಂದೇನು ಎಂಬ ಒಳಗಿನ ತಳಮಳ ಅಲ್ಲಿಗೆ ನಿಂತಿತು. ಅಪಾಯ ಹೆಚ್ಚಾದಾಗ ಆತಂಕ ಕಡಿಮೆಯಾಗಿತ್ತು! ಸುರಕ್ಷತೆಯೇ ನೆಮ್ಮದಿ ಎಂದುಕೊಂಡಿರುವ ನಮಗೆ ಇದು ಸ್ವಲ್ಪ ಯೋಚಿಸಬೇಕಾದ ಲೆಕ್ಕ.

ಮರಳಿ ಬಂದವರು ಭಾವ ಹಾನ್ಸ್ ಫಾನ್ ದೊನಾನ್ಯಿ ಮೂಲಕ ಸೇನಾ ಗುಪ್ತಚರ ಇಲಾಖೆ ಸೇರಿದರು. ಹೊರಗೆ ಸರ್ಕಾರಿ ಏಜೆಂಟ್, ಒಳಗೆ ಹಿಟ್ಲರ್ ವಿರುದ್ಧದ ಪಿತೂರಿಯ ಪಾಲುದಾರ. 1942ರಲ್ಲಿ 14 ಜನರನ್ನು, ಹೆಚ್ಚಿನವರು ಯಹೂದಿ ಮೂಲದವರು, ಏಜೆಂಟರೆಂದು ತೋರಿಸಿ ಸ್ವಿಟ್ಜರ್ಲೆಂಡಿಗೆ ದಾಟಿಸಿದ ಕೆಲಸದಲ್ಲಿ ಇವರ ಕೈಯೂ ಇತ್ತು. ಅದರ ಹಣದ ಜಾಡು ಹಿಡಿದೇ ಪೊಲೀಸರು ಬಂದರು. 1943ರ ಏಪ್ರಿಲ್ 5ರಂದು ಬಂಧನ. ಮರಿಯಾ ಫಾನ್ ವೆಡೆಮೆಯರ್ ಎಂಬ ಯುವತಿಯೊಡನೆ ನಿಶ್ಚಿತಾರ್ಥವಾಗಿ ಆಗ ಮೂರು ತಿಂಗಳೂ ತುಂಬಿರಲಿಲ್ಲ.

ಟೇಗೆಲ್‌ನ ಮೊದಲ ರಾತ್ರಿ ಚಳಿ. ಕೊಟ್ಟ ಕಂಬಳಿ ಹೊದೆಯಲಾರದಷ್ಟು ನಾರುತ್ತಿತ್ತು. ಮರುದಿನ ಬೆಳಿಗ್ಗೆ ಬ್ರೆಡ್ಡಿನ ತುಂಡನ್ನು ಒಳಕ್ಕೆ ಎಸೆದರು, ನೆಲದಿಂದ ಎತ್ತಿಕೊಳ್ಳಬೇಕು. ಪಕ್ಕದ ಕೊಠಡಿಯಿಂದ ಯಾರೋ ಅಳುವ ಸದ್ದು. ಮೊದಲ ಹನ್ನೆರಡು ದಿನ ಊಟ ಕೊಡಲು, ಬಕೆಟ್ ಹೊರಗಿಡಲು ಬಿಟ್ಟರೆ ಬಾಗಿಲು ತೆರೆಯಲಿಲ್ಲ, ಯಾರೂ ಮಾತಾಡಲಿಲ್ಲ. ಬರ್ಲಿನ್ ನಗರದ ಸೇನಾ ಕಮಾಂಡೆಂಟ್ ಪೌಲ್ ಫಾನ್ ಹಾಸೆ ಈ ಕೈದಿಯ ಸೋದರಮಾವನ ವರಸೆ ಎಂದು ಗೊತ್ತಾದ ಮೇಲೆ ಕಾವಲುಗಾರರ ಧ್ವನಿಯೇ ಬದಲಾಯಿತು. ಅದನ್ನು ಕಂಡು ತಮಗೆ ನಾಚಿಕೆಯಾಯಿತು ಎಂದು ಬೊನ್‌ಹೋಫರ್ ಬರೆದಿದ್ದಾರೆ.

ಆ ಮೊದಲ ವಾರಗಳ ಒಂದು ಚೂರು ಕಾಗದ ಉಳಿದಿದೆ. ಬಿಡಿಬಿಡಿ ಟಿಪ್ಪಣಿಗಳು. ಅವುಗಳ ನಡುವೆ ಆತ್ಮಹತ್ಯೆಯ ಯೋಚನೆಯೂ ಇದೆ. ತಪ್ಪಿತಸ್ಥ ಭಾವನೆಯಿಂದಲ್ಲ, ತಾನು ಆಗಲೇ ಸತ್ತವನಂತೆ, ಲೆಕ್ಕ ಮುಗಿದಂತೆ ಅನ್ನಿಸುತ್ತಿದೆ ಎಂಬ ಅರ್ಥದ ಸಾಲು. ವಿಚಾರಣೆಯಲ್ಲಿ ಬಾಯಿತಪ್ಪಿ ಯಾರ ಹೆಸರಾದರೂ ಹೊರಬಿದ್ದರೆ ಎಂಬ ಭಯ ಅದರ ಹಿಂದೆ ಇದ್ದಿರಬೇಕು. ಅದೇ ದಿನಗಳಲ್ಲಿ ಅಪ್ಪ ಅಮ್ಮನಿಗೆ ಬರೆದ ಪತ್ರಗಳು ಮಾತ್ರ ಬೇರೆ: ಚೆನ್ನಾಗಿದ್ದೇನೆ, ಓದುತ್ತಿದ್ದೇನೆ, ಚಿಂತೆ ಬೇಡ. ನವೆಂಬರ್‌ನಲ್ಲಿ ಒಬ್ಬ ಒಳ್ಳೆಯ ಕಾವಲುಗಾರನ ಮೂಲಕ ಬೆತ್ಗೆಗೆ ಕದ್ದು ಪತ್ರ ಕಳಿಸುವ ದಾರಿ ಸಿಕ್ಕಿದ ಮೇಲೆಯೇ ಅವರು ನಿಜ ಹೇಳಿದ್ದು. ಹಳೆಯ ಸನ್ಯಾಸಿಗಳು ಹೇಳುತ್ತಿದ್ದ ಆ ಜಡ ವಿಷಾದ ತನ್ನ ಬೆನ್ನು ಹತ್ತಿತ್ತು ಎಂದರು. ಮನಸ್ಸು ಬಿಚ್ಚಲು ಒಬ್ಬ ಮನುಷ್ಯ ಬೇಕಿತ್ತು. ಕೀರ್ತನೆಗಳನ್ನು ಬಾಯಿಪಾಠ ಬಲ್ಲವರಿಗೂ ಬೇಕಿತ್ತು.

ಆ ಕೊಠಡಿಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಫಿಂಕನ್‌ವಾಲ್ಡ್‌ನ ಅದೇ ಸಪ್ಪೆ ದಿನಚರಿ. ಬೆಳಿಗ್ಗೆ ಎದ್ದು ವ್ಯಾಯಾಮ, ತಣ್ಣೀರು, ಕೀರ್ತನೆಗಳು, ಓದು, ಅಂಗಳದಲ್ಲಿ ಅರ್ಧ ಗಂಟೆ ನಡಿಗೆ, ಬರವಣಿಗೆ. ಕೀರ್ತನೆಗಳನ್ನು ವರ್ಷಗಳಿಂದ ಪ್ರತಿದಿನ ಓದುತ್ತ ಬಂದಿದ್ದ ಅವರಿಗೆ ಅವುಗಳಷ್ಟು ಪರಿಚಿತವಾದದ್ದು, ಪ್ರಿಯವಾದದ್ದು ಇನ್ನೊಂದಿರಲಿಲ್ಲ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಿಲ್ಲ. ಕೀರ್ತನೆಗಳಲ್ಲಿ ಹೊಗಳಿಕೆಗಿಂತ ದೂರು ಕಡಿಮೆಯೇನಿಲ್ಲ: ಎಲ್ಲಿದ್ದೀಯ, ಎಷ್ಟು ಕಾಲ ಹೀಗೆ, ಎಲುಬುಗಳೆಲ್ಲ ಸಡಿಲವಾದವು, ಹಾಸಿಗೆ ಕಣ್ಣೀರಿನಲ್ಲಿ ತೊಯ್ದಿದೆ. ಹೆದರಿದವನ ಭಾಷೆಯನ್ನೇ ಪ್ರಾರ್ಥನೆಯೆಂದು ಒಪ್ಪಿಕೊಂಡ ಪುಸ್ತಕ ಅದು. ಅದನ್ನು ಓದುವವನು ಮೊದಲು ಧೈರ್ಯಶಾಲಿಯಾಗಿ ಆಮೇಲೆ ದೇವರ ಮುಂದೆ ಬರಬೇಕಿಲ್ಲ.

ಮಾರ್ಟಿನ್ ಲೂಥರ್ ತನ್ನ ಅನುಯಾಯಿಗಳಿಗೆ ಬೆಳಿಗ್ಗೆ ಮತ್ತು ರಾತ್ರಿಯ ಪ್ರಾರ್ಥನೆಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳಲು ಹೇಳಿದ್ದ. ಬೊನ್‌ಹೋಫರ್ ಅದನ್ನು ಸೆರೆಮನೆಯಲ್ಲಿ ಶುರುಮಾಡಿದರು, ಅದರಿಂದ ಉಪಯೋಗವಾಯಿತೆಂದು ಗೆಳೆಯನಿಗೆ ತಿಳಿಸಿದರು. ಅಷ್ಟು ದೊಡ್ಡ ವಿದ್ವಾಂಸ ಇಷ್ಟು ಸಣ್ಣ ಸಂಗತಿಯನ್ನು ಬರೆಯುವುದು ನನಗೆ ತುಂಬ ಹಿಡಿಸುತ್ತದೆ. ಮನಸ್ಸು ಕೆಲಸ ಮಾಡದ ಹೊತ್ತಿನಲ್ಲಿ ಕೈಯಾದರೂ ಪ್ರಾರ್ಥನೆ ಮಾಡುತ್ತದೆ. ಪೌಲ್ ಗೆರ್ಹಾರ್ಟ್‌ನ ಹಾಡುಗಳನ್ನೂ ಅವರು ಬಾಯಿಪಾಠ ಮಾಡಿಕೊಂಡರು. 17ನೇ ಶತಮಾನದ ಆ ಪಾದ್ರಿ ಮೂವತ್ತು ವರ್ಷದ ಯುದ್ಧವನ್ನು ಕಂಡವನು, ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣುಮಾಡಿದವನು. ಸುಖದಲ್ಲಿ ಕೂತು ಬರೆದ ಸಮಾಧಾನವಲ್ಲ ಅದು. ಮಂಗಳೂರು, ಧಾರವಾಡ ಕಡೆಯ ಬಾಸೆಲ್ ಮಿಷನ್ ಮೂಲದ ಚರ್ಚುಗಳಲ್ಲಿ ಕೂತವರಿಗೆ ಈ ಜರ್ಮನ್ ಹಾಡುಗಳ ನಿಧಾನದ ಧಾಟಿ ಅಪರಿಚಿತವೇನಲ್ಲ.

ಮನೆಯವರೊಡನೆ ಗುಟ್ಟಾಗಿ ಮಾತಾಡಲು ಒಂದು ಉಪಾಯ ಮಾಡಿಕೊಂಡಿದ್ದರು. ಮನೆಯಿಂದ ಬರುವ ಪುಸ್ತಕದ ಒಳಹಾಳೆಯಲ್ಲಿ ಹೆಸರಿನ ಕೆಳಗೆ ಗೆರೆ ಇದ್ದರೆ ಅದರಲ್ಲಿ ಸುದ್ದಿ ಇದೆ ಎಂದರ್ಥ. ಹಿಂದಿನ ಪುಟಗಳಿಂದ ಶುರುಮಾಡಿ, ನಡುವೆ ಇಷ್ಟಿಷ್ಟು ಪುಟ ಬಿಟ್ಟು ಒಂದೊಂದು ಅಕ್ಷರದ ಕೆಳಗೆ ಪೆನ್ಸಿಲಿನ ಸಣ್ಣ ಚುಕ್ಕೆ. ಚುಕ್ಕೆಗಳನ್ನು ಕೂಡಿಸಿದರೆ, ವಿಚಾರಣೆಯಲ್ಲಿ ದೊನಾನ್ಯಿ ಏನು ಒಪ್ಪಿಕೊಂಡಿದ್ದಾರೆ, ಇವರು ಏನು ಹೇಳಬೇಕು ಎಂಬ ಸಂದೇಶ. ದೇವರ ಮೇಲೆ ಭಾರ ಹಾಕಿ ಕೈಕಟ್ಟಿ ಕೂತ ಮನುಷ್ಯ ಇವರಲ್ಲ. ಸುಳ್ಳು ಹೇಳಬೇಕಾದಲ್ಲಿ ತಯಾರಿ ಮಾಡಿಕೊಂಡೇ ಹೇಳಿದರು.

ಬಾಂಬು ಬೀಳುವ ರಾತ್ರಿಗಳಲ್ಲಿ ಗಾಯಾಳುಗಳ ಕೊಠಡಿಯಲ್ಲಿ ಅವರಿಗೆ ಕೆಲಸ. ಆ ದಾಳಿಗಳ ಅನುಭವದಿಂದ ವೈದ್ಯಕೀಯ ಸೌಲಭ್ಯದಲ್ಲಿ ಏನೇನು ಸರಿಯಾಗಬೇಕು ಎಂದು ಅಧಿಕಾರಿಗಳಿಗೆ ವರದಿಯನ್ನೂ ಬರೆದುಕೊಟ್ಟರು. 1943ರ ನವೆಂಬರ್ ದಾಳಿಗಳ ನಂತರ ಉಯಿಲು ಬರೆದಿಟ್ಟರು. ಇಲ್ಲಿ ಜನ ತಾವೆಷ್ಟು ಹೆದರಿದೆವೆಂದು ಎಲ್ಲರೆದುರು ಹೇಳಿಕೊಳ್ಳುತ್ತಾರೆ, ಇದರ ಬಗ್ಗೆ ಏನೆನ್ನಬೇಕೋ ತಿಳಿಯದು ಎಂದು ಆಗ ಬೆತ್ಗೆಗೆ ಬರೆದರು. ಹೆದರಿಕೆ ನಾಚಿಕೆಪಡಬೇಕಾದ ಸಂಗತಿಯಲ್ಲವೇ, ಪಾಪನಿವೇದನೆಯಲ್ಲಿ ಮಾತ್ರ ಹೇಳಬೇಕಾದದ್ದಲ್ಲವೇ ಎಂಬುದು ಅವರ ಶಂಕೆ. ಮರುಕ್ಷಣವೇ, ಹಾಗೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದರಲ್ಲೂ ಮನಸ್ಸು ಗೆಲ್ಲುವ ಒಂದು ಸರಳತೆ ಇದೆ ಎಂದೂ ಒಪ್ಪುತ್ತಾರೆ. ದೊಡ್ಡ ಮನೆತನದ ಬಿಗುಮಾನ ಮತ್ತು ಪಾದ್ರಿಯ ಕರುಣೆ ಇಲ್ಲಿ ಜಗಳವಾಡುತ್ತಿವೆ. ನನಗೆ ಅವರ ಶಂಕೆ ಪೂರ್ತಿ ಒಪ್ಪಿಗೆಯಿಲ್ಲ. ಹೆದರಿಕೆಯನ್ನು ಬಚ್ಚಿಡುವುದರಲ್ಲಿ ಗಂಡಸರು ತೋರುವ ಶೌರ್ಯ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂಬುದಕ್ಕೆ ಲೆಕ್ಕವಿಲ್ಲ.

ಆ ವರ್ಷದ ಕ್ರಿಸ್‌ಮಸ್‌ಗೆ ಅವರು ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ಬೆಳಗಿಗೊಂದು, ರಾತ್ರಿಗೊಂದು, ತೀರಾ ಸಂಕಟದ ಹೊತ್ತಿಗೊಂದು. ಅವು ಶುರುವಾಗುವುದು ಧೈರ್ಯದ ಘೋಷಣೆಯಿಂದಲ್ಲ. ಒಳಗೆಲ್ಲ ಕತ್ತಲೆ, ಒಂಟಿತನ, ಸೋತ ಮನಸ್ಸು ಎಂದು ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಳ್ಳುತ್ತವೆ. 1944ರ ಬೇಸಿಗೆಯಲ್ಲಿ ಬರೆದ, 'ನಾನು ಯಾರು' ಎಂಬ ಹೆಸರಿನ ಪ್ರಸಿದ್ಧ ಕವಿತೆಯಲ್ಲೂ ಇದೇ. ಸೆರೆಮನೆಯವರ ಕಣ್ಣಿಗೆ ತಾನು ಗಂಭೀರ, ಹಸನ್ಮುಖಿ, ಜಮೀನ್ದಾರನಂತೆ ನಡೆಯುವವನು. ತನಗೆ ಗೊತ್ತಿರುವ ತಾನು ಚಡಪಡಿಸುವವನು, ದಣಿದವನು, ಪ್ರಾರ್ಥನೆಗೂ ತ್ರಾಣವಿಲ್ಲದವನು. ಎರಡರಲ್ಲಿ ನಿಜ ಯಾವುದೆಂದು ಅವರು ತೀರ್ಮಾನಿಸುವುದಿಲ್ಲ. ತಾನು ಯಾರೇ ಆಗಿರಲಿ ದೇವರಿಗೆ ಸೇರಿದವನು ಎಂದು ಪ್ರಶ್ನೆಯನ್ನು ಅವನ ಕೈಗೆ ಒಪ್ಪಿಸಿ ಸುಮ್ಮನಾಗುತ್ತಾರೆ.

ಇದೇ ತಿಂಗಳುಗಳಲ್ಲಿ ಅವರ ಪತ್ರಗಳಲ್ಲಿ ಒಂದು ವಾದ ಬೆಳೆಯತೊಡಗಿತ್ತು. ಮನುಷ್ಯನ ಬುದ್ಧಿ, ಬಲ ಸೋತ ಜಾಗದಲ್ಲಿ ತೇಪೆ ಹಚ್ಚಲು ಮಾತ್ರ ದೇವರನ್ನು ಕರೆತರುವುದು ತಪ್ಪು, ದೇವರು ಬದುಕಿನ ಅಂಚಿನಲ್ಲಲ್ಲ, ನಡುಮನೆಯಲ್ಲಿ ಇರಬೇಕಾದವನು. ಚೆನ್ನಾಗಿರುವವನನ್ನು ಹಿಡಿದು, ನೀನು ಒಳಗೆ ದುಃಖಿ, ಭಯಗ್ರಸ್ತ ಎಂದು ನಂಬಿಸಿ, ಆಮೇಲೆ ಪರಿಹಾರ ಮಾರುವವರನ್ನು, ಧರ್ಮಪ್ರಚಾರಕರಿರಲಿ ಮನೋಚಿಕಿತ್ಸಕರಿರಲಿ, ಅವರು ಒಂದೇ ಸಾಲಿನಲ್ಲಿ ನಿಲ್ಲಿಸಿ ಬಯ್ಯುತ್ತಾರೆ. ಕಷ್ಟ ಬಂದಾಗ ಮಾತ್ರ ಪ್ರಾರ್ಥನೆಗೆ ಓಡುವುದು ತಮಗೇ ನಾಚಿಕೆ ತರಿಸುತ್ತದೆ ಎಂದೂ ಹೇಳುತ್ತಾರೆ. ಗೆತ್ಸೆಮನೆ ತೋಟದ ಬಗ್ಗೆ ಅವರು ಬರೆದದ್ದು ಈ ವಾದದ ತಿರುಳು. ಅಲ್ಲಿ ಬೆವರುತ್ತ, ಸಾವಿಗೆ ಹೆದರುತ್ತ, ಒಂದು ಗಂಟೆ ನನ್ನ ಜೊತೆ ಎಚ್ಚರವಿರಲಾರಿರಾ ಎಂದು ಕೇಳುವವನು ಯೇಸುವೇ. ಭಕ್ತನು ದೇವರಿಂದ ಧೈರ್ಯ ನಿರೀಕ್ಷಿಸುತ್ತಾನೆ. ಇಲ್ಲಿ ದೇವರೇ ಮನುಷ್ಯನ ಜೊತೆಯನ್ನು ಬೇಡುತ್ತಿದ್ದಾನೆ. ಹೆದರಿಕೆ ಪಾಪವಾಗಿದ್ದರೆ ಆ ತೋಟದ ಕಥೆಯನ್ನು ಸುವಾರ್ತೆಯಿಂದ ಕಿತ್ತುಹಾಕಬೇಕಾಗುತ್ತದೆ.

1944ರ ಜುಲೈ 20ರಂದು ಹಿಟ್ಲರನ ಮೇಲೆ ನಡೆದ ಬಾಂಬ್ ಪ್ರಯತ್ನ ವಿಫಲವಾಯಿತು. ಇನ್ನು ತಮಗೂ ಮನೆಯವರಿಗೂ ಉಳಿವಿಲ್ಲವೆಂದು ಅವರಿಗೆ ಗೊತ್ತಾಗಿರಲೇಬೇಕು. ಮರುದಿನವೇ ಬೆತ್ಗೆಗೆ ಬರೆದ ಪತ್ರದಲ್ಲಿ ಗಾಬರಿಯ ಒಂದು ಸಾಲೂ ಇಲ್ಲ. ಸಂತನಾಗಬೇಕು, ದೊಡ್ಡವನಾಗಬೇಕು ಎಂಬ ಹಂಬಲವನ್ನೇ ಬಿಟ್ಟು, ಈ ಲೋಕದ ಕೆಲಸ, ಸಮಸ್ಯೆ, ಸೋಲು ಗೆಲುವುಗಳ ನಡುವೆ ಪೂರ್ತಿಯಾಗಿ ಬದುಕುತ್ತ ದೇವರ ಕೈಗೆ ಬೀಳುವುದೇ ವಿಶ್ವಾಸ ಎಂದು ಬರೆದರು. ಆಗಸ್ಟ್ 8ರಂದು ಪೌಲ್ ಫಾನ್ ಹಾಸೆಯವರನ್ನು ನೇಣಿಗೆ ಹಾಕಿದರು. ಸೆಪ್ಟೆಂಬರ್‌ನಲ್ಲಿ ಪಿತೂರಿಯ ಕಡತಗಳೇ ಪೊಲೀಸರ ಕೈಗೆ ಸಿಕ್ಕವು. ತಪ್ಪಿಸಿಕೊಳ್ಳುವ ಏರ್ಪಾಡೂ ಆಗಿತ್ತು. ಕಾವಲುಗಾರನೊಬ್ಬ ಜೊತೆ ಬರಲು ಸಿದ್ಧನಿದ್ದ, ಮನೆಯವರು ಮೆಕ್ಯಾನಿಕ್ಕಿನ ಉಡುಪನ್ನು ಅವನಿಗೆ ತಲುಪಿಸಿಯೂ ಆಗಿತ್ತು. ಅಷ್ಟರಲ್ಲಿ ಅಣ್ಣ ಕ್ಲಾಸ್‌ನ ಬಂಧನವಾಯಿತು. ತಾನು ಓಡಿದರೆ ಅವನಿಗೂ ಮನೆಯವರಿಗೂ ಕುತ್ತು ಎಂದು ಬೊನ್‌ಹೋಫರ್ ಯೋಜನೆ ಕೈಬಿಟ್ಟರು. ಅಕ್ಟೋಬರ್ 8ರಂದು ಗೆಸ್ಟಾಪೊ ಕಚೇರಿಯ ನೆಲಮಾಳಿಗೆಗೆ ಒಯ್ದರು.

ಕೊನೆಯ ದಿನಗಳ ಬಗ್ಗೆ ಜೊತೆಗಿದ್ದ ಬ್ರಿಟಿಷ್ ಗುಪ್ತಚರ ಅಧಿಕಾರಿ ಪೇಯ್ನ್ ಬೆಸ್ಟ್ ಬರೆದಿಟ್ಟಿದ್ದಾನೆ. 1945ರ ಏಪ್ರಿಲ್ 8, ಈಸ್ಟರ್ ಕಳೆದ ಭಾನುವಾರ. ಬವೇರಿಯಾದ ಷ್ಯೋನ್‌ಬರ್ಗ್ ಹಳ್ಳಿಯ ಶಾಲೆಯಲ್ಲಿ ಕೈದಿಗಳನ್ನು ಇರಿಸಿದ್ದರು. ಆರಾಧನೆ ನಡೆಸಿಕೊಡಿ ಎಂದು ಕೇಳಿದಾಗ ಬೊನ್‌ಹೋಫರ್ ಹಿಂಜರಿದರು. ಕೈದಿಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಸೋವಿಯತ್ ಕೈದಿ ಕೊಕೊರಿನ್ ನಾಸ್ತಿಕ, ಅವರಿಗೆ ಮುಜುಗರವಾಗಬಾರದಲ್ಲ. ಸ್ವತಃ ಕೊಕೊರಿನ್ನನೇ, ನಡೆಸಿ ಎಂದ ಮೇಲೆ ಒಪ್ಪಿದರು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಇಬ್ಬರು ಬಂದು ಹೆಸರು ಕೂಗಿದರು. ಆ ರಾತ್ರಿ ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ನೆಪದ ವಿಚಾರಣೆ, 9ರ ಬೆಳಗಿನ ಜಾವ ನೇಣು. ವಯಸ್ಸು 39. ಅಮೆರಿಕದ ಸೈನ್ಯ ಆ ಶಿಬಿರ ತಲುಪಿದ್ದು ಏಪ್ರಿಲ್ 23ರಂದು.

ಶಿಬಿರದ ವೈದ್ಯನೊಬ್ಬ ಹತ್ತು ವರ್ಷದ ಮೇಲೆ, ಬೊನ್‌ಹೋಫರ್ ಮಂಡಿಯೂರಿ ಪ್ರಾರ್ಥಿಸಿದ್ದನ್ನೂ ಶಾಂತವಾಗಿ ಗಲ್ಲಿಗೆ ಏರಿದ್ದನ್ನೂ ಕೆಲವೇ ಕ್ಷಣಗಳಲ್ಲಿ ಪ್ರಾಣ ಹೋದದ್ದನ್ನೂ ತಾನು ಕಂಡೆನೆಂದು ಬರೆದ. ಅವರ ಬಗ್ಗೆ ಮಾತಾಡುವ ಪ್ರವಚನಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ನೇಣು ಹಾಕುತ್ತಿದ್ದ ಕ್ರಮಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ, ವೈದ್ಯ ತನ್ನ ಮುಖ ಉಳಿಸಿಕೊಳ್ಳಲು ಬರೆದಿರಬಹುದು ಎಂದು ನಂತರದ ಸಂಶೋಧಕರು ಅನುಮಾನಿಸಿದ್ದಾರೆ. ಆ ಚಿತ್ರ ಸುಳ್ಳಾದರೂ ನನ್ನ ಮಟ್ಟಿಗೆ ಏನೂ ಕೆಡುವುದಿಲ್ಲ. ಆ ಬೆಳಿಗ್ಗೆ ಅವರ ಮಂಡಿ ನಡುಗಿದ್ದರೂ ವಿಶ್ವಾಸ ಸೋತಿತು ಎಂದಾಗುವುದಿಲ್ಲ. ನ್ಯೂಯಾರ್ಕಿನಿಂದ ಹೊರಟ ಹಡಗು, ಕೈಬಿಟ್ಟ ತಪ್ಪಿಸಿಕೊಳ್ಳುವ ಯೋಜನೆ, ನಾಸ್ತಿಕನ ಮುಜುಗರದ ಬಗ್ಗೆ ಕೊನೆಯ ದಿನದ ಆ ಕಾಳಜಿ: ವಿಶ್ವಾಸ ಅವರಲ್ಲಿ ಏನು ಮಾಡಿತು ಎಂಬುದಕ್ಕೆ ಸಾಕ್ಷಿ ಇವು. ಹೆದರಿಕೆ ಇದ್ದೇ ಇತ್ತು. ತೀರ್ಮಾನಗಳನ್ನು ಮಾತ್ರ ಅದು ಮಾಡಲಿಲ್ಲ.

ಮಗನ ಸಾವು ಬರ್ಲಿನ್ನಿನಲ್ಲಿದ್ದ ಅಪ್ಪ ಅಮ್ಮನಿಗೆ ತಿಳಿದದ್ದು ಜುಲೈ 27ರಂದು, ಲಂಡನ್ನಿನಲ್ಲಿ ನಡೆದ ಸ್ಮರಣಾರಾಧನೆಯನ್ನು ಬಿಬಿಸಿ ರೇಡಿಯೊದಲ್ಲಿ ಕೇಳಿದಾಗ. ಕ್ಲಾಸ್ ಹೋಗಿದ್ದ, ಅಳಿಯಂದಿರಲ್ಲಿ ಇಬ್ಬರು ಹೋಗಿದ್ದರು.

ಆ ತಂದೆ ಮನೋವೈದ್ಯರಾಗಿದ್ದರು ಎಂಬುದನ್ನು ಮತ್ತೆ ಇಲ್ಲಿ ಹೇಳಲು ಕಾರಣವಿದೆ. ಮಗನಿಗೆ ಮನೋಚಿಕಿತ್ಸೆಯ ಬಗ್ಗೆ ಇದ್ದ ತಾತ್ಸಾರವನ್ನು ನಾವು ಹೊತ್ತುಕೊಳ್ಳಬೇಕಿಲ್ಲ. ಬಾಂಬಿನ ಹೆದರಿಕೆ ಬೇರೆ. ಕಾರಣವೇ ಇಲ್ಲದೆ ಎದೆ ಹೊಡೆದುಕೊಳ್ಳುವುದು, ತಿಂಗಳುಗಟ್ಟಲೆ ನಿದ್ದೆ ಬಾರದಿರುವುದು, ಬಸ್ಸು ಹತ್ತಲು, ಜನರ ನಡುವೆ ಕೂರಲು ಆಗದಿರುವುದು ಬೇರೆ. ಅದು ಕಾಯಿಲೆ, ಚಿಕಿತ್ಸೆಯಿದೆ, ಚಿಕಿತ್ಸೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ. ಹಾಗಿರುವವರನ್ನು ಉಪವಾಸ ಪ್ರಾರ್ಥನೆಗೆ ಮಾತ್ರ ಕೂರಿಸಿ ಮಾತ್ರೆ ನಿಲ್ಲಿಸಿಸುವ ಹಿರಿಯರು ಈಗಲೂ ಇದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ ಎಂದು ಅವರು ಹೇಳುವುದಿಲ್ಲವಲ್ಲ.

ಸಭಾಪಾಲಕರಲ್ಲಿ, ಹಿರಿಯರಲ್ಲಿ, ಪ್ರಾರ್ಥನಾ ಕೂಟ ನಡೆಸುವ ಅಮ್ಮಂದಿರಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾರಾದರೂ ಬಂದು ತುಂಬ ಹೆದರಿಕೆಯಾಗುತ್ತಿದೆ ಎಂದರೆ, ವಿಶ್ವಾಸ ಸಾಲದು ಎಂದು ದಯವಿಟ್ಟು ಹೇಳಬೇಡಿ. ಮೊದಲು ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಳ್ಳಿ. ಪ್ರಾರ್ಥನೆ ಬೇಕೆಂದರೆ ಜೊತೆಗೆ ಪ್ರಾರ್ಥಿಸಿ. ವಾರಗಳಾದರೂ ಕಡಿಮೆಯಾಗದಿದ್ದರೆ, ಸಾಯುವ ಮಾತು ಬಂದರೆ ಕೂಡಲೇ, ವೈದ್ಯರ ಬಳಿಗೆ ನೀವೇ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚರ್ಚಿನ ಸೂಚನಾ ಫಲಕದ ಮೇಲೆ ಆರಾಧನೆಯ ವೇಳಾಪಟ್ಟಿಯ ಕೆಳಗೆ ಈ ಸಂಖ್ಯೆಯನ್ನೂ ಬರೆಸಿ ಹಾಕಿ.